ಶಿವಮೊಗ್ಗಕ್ಕೆ ವಾಪಸ್ ಬಂದ್ರೆ ಮಗಳ ಓಟ ಮುಂದುವರಿಯುತ್ತಾ?

ತೀರ್ಥಹಳ್ಳಿ, ಈಗ ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಮುಂದಿನ ವರ್ಷ ಊರಿಗೆ ವಾಪಸ್ ಹೊರಡೋದು ಹೆಚ್ಚುಕಮ್ಮಿ ಗಟ್ಟಿ. ಮಾವನಿಗೆ ವಯಸ್ಸಾಯ್ತು, ತೋಟ ನೋಡ್ಕೊಳ್ಳೋರಿಲ್ಲ. ಮನೆ ಶಿವಮೊಗ್ಗದಲ್ಲಿ ಮಾಡಿ ತೀರ್ಥಹಳ್ಳಿಗೆ ಓಡಾಡೋಣ ಅಂತ. ಚಿಂತೆ ಇರೋದು ಮಗಳದ್ದು. ಹದಿನಾಲ್ಕು ವರ್ಷ, ಹೈಸ್ಕೂಲಿನ ಮೊದಲ ವರ್ಷ, ಕ್ರಾಸ್ ಕಂಟ್ರಿ ಟೀಮಲ್ಲಿದ್ದಾಳೆ. ಶಾಲೆ ಬಿಟ್ಟ ಮೇಲೆ ದಿನಾ ಪ್ರಾಕ್ಟೀಸು, ಶನಿವಾರ ರೇಸು. ಹುಲ್ಲು, ಕೆಸರು, ಗುಡ್ಡ ದಾಟಿ ಐದು ಕಿಲೋಮೀಟರ್. ಏಳು ಜನ ಓಡಿದ್ರೂ ಮೊದಲು ಬಂದ ಐದು ಜನರ ಸ್ಥಾನ ಕೂಡಿಸಿ ಟೀಮಿನ ಅಂಕ. ಇವಳು ಆ ಐದನೆಯವಳು. ಮೊನ್ನೆ ಕೊನೇ ಇಳಿಜಾರಲ್ಲಿ ಜಾರಿ ಬಿದ್ದು, ಮೊಣಕಾಲಿನ ಚರ್ಮ ಕಿತ್ತು ರಕ್ತ ಸೋರ್ತಿದ್ರೂ ಎದ್ದು ಇಬ್ಬರನ್ನ ದಾಟಿದ್ಲು. ಮನೆಗೆ ಬಂದ ಮೇಲೆ ಗಾಯದ ಮಾತೇ ಇಲ್ಲ. "ಅಮ್ಮಾ, ನಾನು ಅಲ್ಲೇ ಕೂತಿದ್ರೆ ಉಳಿದ ನಾಲ್ಕು ಜನ ಓಡಿದ್ದು ದಂಡ ಆಗ್ತಿತ್ತು" ಅಂದ್ಲು. ಹೋದ ವರ್ಷದ ತನಕ ಕ್ಲಾಸಲ್ಲಿ ಬಾಯೇ ಬಿಡದ ಹುಡುಗಿ ಇದು.

ಶಿವಮೊಗ್ಗದಲ್ಲಿ ಇದು ಮುಂದುವರಿಯುತ್ತಾ? ಶಾಲೆ ಹೇಗೆ ಆರಿಸೋದು, ಯಾರನ್ನ ಕೇಳೋದು? ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಸನಗರ, ಈಗ ರೆಡಿಂಗ್:
ಓದಿ ಕಣ್ಣು ತುಂಬಿ ಬಂತು ಮಾರಾಯ್ತಿ. ನಾನೂ ಓಡ್ತಿದ್ದೆ. ಖೋಖೋ ಟೀಮಲ್ಲೂ ಇದ್ದೆ. ಒಂಬತ್ತನೇ ಕ್ಲಾಸಿಗೆ ಬರ್ತಿದ್ದ ಹಾಗೆ "ದೊಡ್ಡ ಹುಡುಗಿ, ಇನ್ನು ಚಡ್ಡಿ ಹಾಕಿ ಮೈದಾನಕ್ಕೆ ಹೋಗೋದು ಬೇಡ" ಅಂತ ಮನೇಲಿ ತೀರ್ಮಾನ ಆಯ್ತು. ಪಿಟಿ ಮೇಷ್ಟ್ರು ಮನೆ ತನಕ ಬಂದು ಅಪ್ಪನ ಹತ್ರ ಮಾತಾಡಿದ್ರು, ಕಾಫಿ ಕುಡಿದು ಸುಮ್ಮನೆ ವಾಪಸ್ ಹೋದ್ರು. ಆ ಸಂಕಟ ಇವತ್ತಿಗೂ ಇದೆ. ಇಲ್ಲಿ ಇಂಗ್ಲೆಂಡಲ್ಲಿ ಹದಿನಾರು ವರ್ಷದ ತನಕ ಪಿಇ, ಅಂದ್ರೆ ನಮ್ಮ ಪಿಟಿ, ಕಡ್ಡಾಯ. ನನ್ನ ಮಗಳಿಗೆ ನಾನು ಒಂದು ದಿನಾನೂ ತಪ್ಪಿಸೋಕೆ ಬಿಟ್ಟಿಲ್ಲ.

ಸಾಗರ, ಈಗ ಡಲ್ಲಾಸ್:
ತಂಗಿ, ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಊರಿಗೆ ಹೋಗೋದಾದ್ರೆ ಓಟದ ಆಸೆ ಇಲ್ಲೇ ಬಿಟ್ಟು ಹೋಗಿ. ಇಲ್ಲಿ ಒಂಬತ್ತು ಮುಗಿಸಿದ ಹುಡುಗಿ ಅಲ್ಲಿ ಹೋಗಿ ಇಳಿಯೋದೇ ಎಸೆಸೆಲ್ಸಿಗೆ. ಅದಾದ ಮೇಲೆ ಎರಡು ವರ್ಷ ಪಿಯುಸಿ, ಸಿಇಟಿ, ನೀಟ್. ಕೋಚಿಂಗ್ ಸೇರಿಕೊಂಡಿರೋ ಕಾಲೇಜುಗಳಲ್ಲಿ ಬೆಳಗಾದ್ರೆ ಪಾಠ, ಸಂಜೆಯಾದ್ರೆ ಟೆಸ್ಟು. ಅಲ್ಲಿ ಕ್ರೀಡೆಯನ್ನ ಯಾರು ಕೇಳ್ತಾರೆ? ಅಮೆರಿಕದ ಲೆಕ್ಕವನ್ನೇ ತಗೊಳ್ಳಿ. ಹೈಸ್ಕೂಲಲ್ಲಿ ಆಡೋ ಮಕ್ಕಳಲ್ಲಿ ಕಾಲೇಜಿಗೆ ಕ್ರೀಡಾ ಸ್ಕಾಲರ್‌ಶಿಪ್ ಸಿಗೋದು ಶೇ. 2ರಷ್ಟು ಜನಕ್ಕೆ ಅಂತ ಇಲ್ಲಿನ ಕಾಲೇಜು ಕ್ರೀಡೆ ನಡೆಸೋ ಸಂಸ್ಥೆ ಎನ್‌ಸಿಎಎನೇ ಹೇಳುತ್ತೆ. ನಾನು ದಿನಾ ಕಾಡುದಾರಿಯಲ್ಲಿ ಬಸ್ಸಿನ ತನಕ ನಡೆದು ಸಾಗರಕ್ಕೆ ಹೋಗಿ ಓದಿದವನು. ಓದೇ ನನ್ನನ್ನ ಇಲ್ಲಿಗೆ ತಂದಿದ್ದು. ಮೂರು ವರ್ಷ ಗಟ್ಟಿಯಾಗಿ ಓದಲಿ, ಆಮೇಲೆ ಜೀವನಪೂರ್ತಿ ಓಡಲಿ.

ಭದ್ರಾವತಿ, ಈಗ ಸಿಡ್ನಿ:
ಕ್ರೀಡೆಯನ್ನ ಯಾರು ಕೇಳ್ತಾರೆ ಅಂತ ನಮ್ಮ ಜಿಲ್ಲೆಯವರೇ ಹೇಳಬಾರದು. ಜಿ. ಆರ್. ವಿಶ್ವನಾಥ್ ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಮೇಲೆ ಆಡಿದ ಮೊದಲ ಟೆಸ್ಟಲ್ಲೇ, ಒಂದು ಇನಿಂಗ್ಸಲ್ಲಿ ಸೊನ್ನೆಗೆ ಔಟಾಗಿ ಇನ್ನೊಂದರಲ್ಲಿ 137 ಹೊಡೆದವರು. ಓಟದಲ್ಲೇ ಬೇಕು ಅಂದ್ರೆ ಘಟ್ಟದ ಕೆಳಗೆ ಸಿದ್ದಾಪುರದ ಕಡೆಯ ಅಶ್ವಿನಿ ಅಕ್ಕುಂಜಿ, 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ. ನಮ್ಮ ಮಣ್ಣಲ್ಲಿ ಶಕ್ತಿ ಇದೆ.

ಶಿವಮೊಗ್ಗ (ಬೋಸ್ಟನ್‌ನಿಂದ ವಾಪಸ್ ಬಂದವರು):
ಅಕ್ಕಾ, ನಿಮ್ಮ ಪ್ರಶ್ನೆಗೆ ಬರ್ತೀನಿ. ಮೊದಲನೇದಾಗಿ, ನೇರ ಹತ್ತಕ್ಕೆ ಹಾಕಬೇಡಿ. ಒಂಬತ್ತಕ್ಕೇ ಸೇರಿಸಿ. ಸಿಬಿಎಸ್‌ಇಯಲ್ಲಂತೂ ಒಂಬತ್ತು-ಹತ್ತು ಸೇರಿ ಎರಡು ವರ್ಷದ ಒಂದೇ ಕೋರ್ಸು. ಕನ್ನಡ ಓದಿ ಬರೆಯೋಕೆ ಹಿಡಿತ ಸಿಗೋಕೂ ಆ ವರ್ಷ ಬೇಕು. ಹೈಸ್ಕೂಲ್ ಕೂಟಗಳು 17 ವರ್ಷದ ಒಳಗಿನವರಿಗೆ, ಹಾಗಾಗಿ ಅವಳಿಗೆ ಸಾಕಷ್ಟು ಸಮಯ ಇದೆ. ತಾಲೂಕು, ಜಿಲ್ಲೆ, ವಿಭಾಗ, ಆಮೇಲೆ ರಾಜ್ಯ. ನಮ್ಮ ಜಿಲ್ಲೆ ಬೆಂಗಳೂರು ವಿಭಾಗಕ್ಕೆ ಬರೋದ್ರಿಂದ ಸ್ಪರ್ಧೆ ಜೋರು. ಕ್ರಾಸ್ ಕಂಟ್ರಿ ಓಡಿದವಳಿಗೆ 1500, 3000 ಮೀಟರ್ ಹೊಂದುತ್ತೆ.

ಇಲ್ಲಿ ಕೂಟ ಬರೋದು ಮಳೆಗಾಲದಲ್ಲೇ. ಬೆಳಿಗ್ಗೆ ಹಾಕಿದ ಸುಣ್ಣದ ಗೆರೆ ಮಧ್ಯಾಹ್ನಕ್ಕೆ ತೊಳೆದು ಹೋಗಿರುತ್ತೆ. ಮೇಷ್ಟ್ರುಗಳು ಛತ್ರಿ ಒಬ್ಬರ ಕೈಗೆ ಕೊಟ್ಟು, ಹಗ್ಗ ಹಿಡಿದು ಮತ್ತೆ ಗೆರೆ ಎಳೀತಾರೆ. ಹಳ್ಳಿ ಶಾಲೆಯ ಹುಡುಗಿಯರು ಬರಿಗಾಲಲ್ಲಿ ಬಂದು ನಿಲ್ತಾರೆ, ಶೂ ಹಾಕಿದವರನ್ನ ಹಿಂದೆ ಹಾಕ್ತಾರೆ. ಅವಳನ್ನ ಇದಕ್ಕೆ ತಯಾರು ಮಾಡಿ.

ಶಾಲೆ ನೋಡೋಕೆ ಹೋದಾಗ ಕಟ್ಟಡ ನೋಡಬೇಡಿ. ಕಾಯಂ ಪಿಟಿ ಮೇಷ್ಟ್ರು ಇದ್ದಾರಾ, ಹತ್ತನೇ ಕ್ಲಾಸಿಗೆ ಪಿಟಿ ಪೀರಿಯಡ್ ನಿಜಕ್ಕೂ ನಡೆಯುತ್ತಾ, ಅಥವಾ ಗಣಿತದವರು ತಗೊಳ್ತಾರಾ ಅಂತ ಅಲ್ಲಿನ ಮಕ್ಕಳನ್ನೇ ಕೇಳಿ. ಮಗಳು ಓಸಿಐ (ವಿದೇಶಿ ಪೌರತ್ವ ಇರೋ ಭಾರತ ಮೂಲದವಳು) ಆಗಿದ್ರೆ ಇನ್ನೊಂದು ವಿಷಯ: 2008ರ ಕೇಂದ್ರ ಸರ್ಕಾರದ ನೀತಿ ಪ್ರಕಾರ ಭಾರತದ ಪಾಸ್‌ಪೋರ್ಟ್ ಇಲ್ಲದವರು ದೇಶದ ತಂಡದಲ್ಲಿ ಆಡೋ ಹಾಗಿಲ್ಲ. ಶಾಲಾ ಕೂಟಕ್ಕೆ ಏನೇನು ದಾಖಲೆ ಬೇಕು ಅಂತ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತಾಲೂಕು ದೈಹಿಕ ಶಿಕ್ಷಣಾಧಿಕಾರಿ ಹತ್ರ ಮೊದಲೇ ವಿಚಾರಿಸಿ.

ಡಲ್ಲಾಸ್:
ಒಂಬತ್ತಕ್ಕೆ ಮತ್ತೆ ಹಾಕಿ ಒಂದು ವರ್ಷ ಹಾಳು ಮಾಡೋದಾ? ಅದೂ ಓಟಕ್ಕೋಸ್ಕರ? ನನಗೆ ಸರಿ ಕಾಣ್ತಿಲ್ಲ. ಪಿಯುಸಿಯಲ್ಲಿ ಒಂದೊಂದು ಅಂಕಕ್ಕೂ ರ‍್ಯಾಂಕ್ ಎಷ್ಟು ಜಾರುತ್ತೆ ಅಂತ ಮಕ್ಕಳನ್ನ ಕೋಚಿಂಗಿಗೆ ಹಾಕಿದವರನ್ನ ಕೇಳಿ.

ಕೊಪ್ಪ, ಈಗ ಮ್ಯೂನಿಕ್:
ಅಣ್ಣಾ, ಅವರು ಸ್ಕಾಲರ್‌ಶಿಪ್ಪೂ ಕೇಳಲಿಲ್ಲ, ರ‍್ಯಾಂಕೂ ಕೇಳಲಿಲ್ಲ. ಜರ್ಮನಿಯಲ್ಲಿ ಆಟ ನಡೆಯೋದು ಹೆಚ್ಚಾಗಿ ಊರಿನ ಕ್ಲಬ್ಬುಗಳಲ್ಲಿ. ಸಂಜೆ ಯಾರದೋ ಅಪ್ಪ, ಯಾರದೋ ಅಮ್ಮ ಬಂದು ಪುಕ್ಕಟೆ ಕಲಿಸ್ತಾರೆ. ನಾನು ಹಿಂದೆಯೂ ಹೇಳಿದ್ದೆ, ನಮ್ಮ ಊರುಗಳಲ್ಲೂ ಇಂಥ ಕ್ಲಬ್ ಕಟ್ಟಬೇಕು, ನಾವೆಲ್ಲ ಸೇರಿ ದುಡ್ಡು ಹಾಕಬೇಕು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯೋ ಚಟುವಟಿಕೆ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಪಿಯುಸಿ ಮಕ್ಕಳೂ ಆ ವಯಸ್ಸಿನವರೇ ಅಲ್ದಾ?

ಡಲ್ಲಾಸ್:
60 ನಿಮಿಷ ಮನೆ ಟೆರೇಸ್ ಮೇಲೂ ಓಡಬಹುದು. ಸೀಟು ಟೆರೇಸ್ ಮೇಲೆ ಸಿಗಲ್ಲ.

ಭದ್ರಾವತಿ:
ಸಿಇಟಿಯಲ್ಲಿ ಕ್ರೀಡಾ ಕೋಟಾನೂ ಇದೆ ಸ್ವಾಮಿ.

ಡಲ್ಲಾಸ್:
ಎಷ್ಟು ಸೀಟು? ಅದನ್ನ ನಂಬಿಕೊಂಡು ಯಾರಾದ್ರೂ ಮಕ್ಕಳನ್ನ ಬೆಳೆಸ್ತಾರಾ?

ರೆಡಿಂಗ್:
ಜಗಳ ಸಾಕು. ನಾನಿಲ್ಲಿ ನರ್ಸ್, ಒಂದು ಮಾತು ಹೇಳಲೇಬೇಕು. ದೂರದ ಓಟ ಓಡೋ ಹುಡುಗಿಯರಲ್ಲಿ ಕಬ್ಬಿಣಾಂಶ ಕಮ್ಮಿ ಆಗೋದು ಸಾಮಾನ್ಯ. ಸುಸ್ತು, ಓಟ ನಿಧಾನ ಆಗೋದು ಕಂಡ್ರೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್ (ಮೈಯಲ್ಲಿ ಕಬ್ಬಿಣಾಂಶದ ದಾಸ್ತಾನು ಎಷ್ಟಿದೆ ಅಂತ ತೋರಿಸೋದು) ಕೂಡ ಪರೀಕ್ಷೆ ಮಾಡಿಸಿ. ಮುಟ್ಟು ನಿಂತ್ರೆ "ಓಡ್ತಾಳಲ್ಲ, ಅದಕ್ಕೆ" ಅಂತ ಬಿಡಬೇಡಿ. ಓಡೋ ಅಷ್ಟು ತಿಂತಿಲ್ಲ ಅಂತ ಅರ್ಥ ಇರಬಹುದು, ಮೂಳೆಗೆ ಪೆಟ್ಟು. ಡಾಕ್ಟರಿಗೆ ತೋರಿಸಿ. ರಾತ್ರಿ ಎಂಟು ತಾಸಿಗೆ ಕಮ್ಮಿ ಇಲ್ಲದ ನಿದ್ದೆ ಬೇಕು. ಕೋಚಿಂಗ್ ಸೇರಿದ್ರೆ ಮೊದಲು ಹೋಗೋದು ಅದೇ.

ತೀರ್ಥಹಳ್ಳಿ, ನ್ಯೂಜೆರ್ಸಿ:
ಎಲ್ಲರಿಗೂ ಥ್ಯಾಂಕ್ಸ್. ಡಲ್ಲಾಸ್ ಅಣ್ಣನ ಮಾತು ಓದಿ ನಮ್ಮನೆಯವರು ರಾತ್ರಿಯೆಲ್ಲ ಯೋಚನೆ ಮಾಡಿದ್ರು, ಅವರಿಗೂ ಅದೇ ಭಯ. ಆದ್ರೆ ಒಂಬತ್ತಕ್ಕೇ ಸೇರಿಸೋದನ್ನ ಇಬ್ಬರೂ ಒಪ್ಪಿದ್ದೀವಿ. ಮಗಳದ್ದೊಂದು ಪ್ರಶ್ನೆ: ಶಿವಮೊಗ್ಗದಲ್ಲಿ ದೂರದ ಓಟದ ಹುಡುಗಿಯರು ಒಟ್ಟಿಗೆ ಪ್ರಾಕ್ಟೀಸ್ ಮಾಡ್ತಾರಾ, ಒಬ್ಬೊಬ್ಬರೇನಾ?

ಶಿವಮೊಗ್ಗ:
ಬೆಳಿಗ್ಗೆ ನೆಹರು ಕ್ರೀಡಾಂಗಣಕ್ಕೆ ಹೋದ್ರೆ ಜೊತೆ ಸಿಗುತ್ತೆ. ಹುಡುಗಿಯರು ಕಮ್ಮಿ, ಆದ್ರೆ ಇದ್ದಾರೆ. ನನ್ನ ಮಗಳು 800 ಮೀಟರ್ ಓಡ್ತಾಳೆ, ಅವಳ ಜೊತೆ ಶುರು ಮಾಡಲಿ. ಶಾಲೆಗೆ ದುಡ್ಡು ಕಟ್ಟೋ ಮೊದಲು ನನಗೊಂದು ಫೋನ್ ಮಾಡಿ.