ಮಾಂದಲಪಟ್ಟಿ ಧೂಳು ಮೆತ್ಕೊಂಡಿರೋ ಲೆನ್ಸ್ ಹೆಂಗೆ ಒರೆಸೋದು, ಮಾಡಿದೋರು ಹೇಳಿ

ಭಾನುವಾರ ಜೀಪಲ್ಲಿ ಕೊಡಗಿನ ಮಾಂದಲಪಟ್ಟಿ ಬೆಟ್ಟಕ್ಕೆ ಹೋಗಿದ್ವಿ, ಲೆನ್ಸ್ ಮುಚ್ಚಳ ಜೇಬಲ್ಲೇ ಉಳ್ಕೊಂಡಿತ್ತು, ವಾಪಸ್ ಬರ್ತಾ ಅಬ್ಬಿ ಫಾಲ್ಸ್ ಹತ್ರ ಬೇರೆ ನಿಂತ್ವಿ. ಈಗ ಮುಂದಿನ ಗಾಜಿನ ಮೇಲೆ ಕೆಂಪು ಧೂಳು, ಹನಿ ಒಣಗಿರೋ ಚುಕ್ಕೆ, ಸಾಲದ್ದಕ್ಕೆ ಮಗಳ ಬೆರಳಚ್ಚು. ಕ್ಯಾಮೆರಾ ಜೊತೆಗೇ ಬರೋ 18-55 ಕಿಟ್ ಲೆನ್ಸೇ, ಆದ್ರೂ ನಂಗೆ ಇರೋದು ಅದೊಂದೇ. ಟೀ ಶರ್ಟಲ್ಲಿ ಒರೆಸ್ಬಹುದಾ? ಸ್ಯಾನಿಟೈಸರ್ ಹಾಕ್ಬಹುದಾ?

*

ಟೀ ಶರ್ಟ್ ಬಿಡಿ ಮಾರಾಯ್ರೇ! ಸ್ಯಾನಿಟೈಸರಂತೂ ಬೇಡ್ವೇ ಬೇಡ, ಅದ್ರಲ್ಲಿ ಕೈ ಒಣಗದಿರ್ಲಿ ಅಂತ ಗ್ಲಿಸರಿನ್ ಹಾಕಿರ್ತಾರೆ, ಗಾಜಿನ ಮೇಲೆ ಮಬ್ಬು ಪದರ ಉಳ್ಕೊಳುತ್ತೆ.

*

ನಾನು ಗೋಣಿಕೊಪ್ಪದ ಕಡೆಯವ್ನು, ಮದುವೆ ಫೋಟೋ ತೆಗೀತೀನಿ, ಲೆನ್ಸ್ ಹಾಳ್ಮಾಡೇ ಕಲ್ತಿದ್ದು. ಮೊದಲ ವರ್ಷ ಎಸ್ಟೇಟ್ ರಸ್ತೆ ಧೂಳನ್ನ ಕರ್ಚೀಫಲ್ಲಿ ಗಸಗಸ ಉಜ್ಜಿಬಿಟ್ಟೆ, ಬಿಸಿಲಿಗೆ ಹಿಡಿದು ನೋಡಿದ್ರೆ ಗಾಜಿನ ತುಂಬ ಕೂದಲೆಳೆ ಥರ ಗೀರು. ಬಟ್ಟೆ ಮೆತ್ತಗೇ ಇತ್ತು, ಗೀರಿದ್ದು ಮಧ್ಯ ಸಿಕ್ಕಿದ ಮರಳು. ಮಣ್ಣಲ್ಲಿರೋ ಬೆಣಚುಕಲ್ಲಿನ ಪುಡಿಗೆ ಮೋಸ್ ಅಳತೆಲಿ ಗಡಸುತನ 7, ಗಾಜು ಐದೂವರೆ ಆಸುಪಾಸು, ಅಂದ್ರೆ ಒರೆಸೋದಲ್ಲ ಅದು, ಸ್ಯಾಂಡ್ ಪೇಪರ್ ಹಾಕೋದು. ಹಂಗಾಗಿ ಮುಟ್ಟೋಕೆ ಮುಂಚೆ ಊದೋದು. ಲೆನ್ಸನ್ನ ಕೆಳಮುಖ ಹಿಡ್ಕೊಂಡು ರಬ್ಬರ್ ಬ್ಲೋವರಲ್ಲಿ ಹತ್ತು ಹದಿನೈದು ಸಲ ಒತ್ತಿ, ಬಿದ್ದ ಧೂಳು ವಾಪಸ್ ಗಾಜಿನ ಮೇಲೇ ಕೂರಬಾರ್ದು. ಬ್ಲೋವರ್ ಇಲ್ದಿದ್ರೆ ಮೆಡಿಕಲ್ ಶಾಪಲ್ಲಿ ರಬ್ಬರ್ ಬಲ್ಬ್ ಸಿಗುತ್ತೆ, ಆದ್ರೆ ಹೊಸದ್ರೊಳಗೆ ಪೌಡರ್ ಇರ್ಬಹುದು, ಮೊದ್ಲು ಆಚೆ ಕಡೆ ನಾಲ್ಕು ಸಲ ಒತ್ತಿ ಖಾಲಿ ಮಾಡಿ, ನಾನು ಹಂಗೆ ಖಾಲಿ ಮಾಡದೇ ಲೆನ್ಸಿಗೆಲ್ಲ ಪೌಡರ್ ಬಳ್ದಿದ್ದೆ 😄 ಬಾಯಲ್ಲಿ ಉಫ್ ಅಂದ್ರೆ ಎಂಜಲು ಹಾರುತ್ತೆ. ಸ್ಪ್ರೇ ಡಬ್ಬಿಲಿ ಬರೋ ಗಾಳಿನೂ ಬೇಡ, ಓರೆ ಹಿಡಿದ್ರೆ ಒಳಗಿನ ದ್ರವ ಚಿಮ್ಮುತ್ತೆ.

ಇನ್ನೂ ಕೂತಿದ್ರೆ ಮೆತ್ತನೆ ಬ್ರಷ್, ಅದರ ಕೂದಲಿಗೆ ಬೆರಳು ತಾಗಿಸ್ಬೇಡಿ, ಬೆರಳಿನ ಎಣ್ಣೆ ಹತ್ತುತ್ತೆ. ಅದಾದ ಮೇಲೇ ಬಟ್ಟೆ. ಬಾಯಿ ಅಗಲ ಮಾಡಿ ಹಾ ಅಂತ ಆವಿ ಬಿಟ್ಟು, ಒಗೆದಿಟ್ಟ ಮೈಕ್ರೋಫೈಬರಲ್ಲಿ ನಡುವಿಂದ ಸುತ್ತು ಸುತ್ತಾಗಿ ಅಂಚಿಗೆ, ಒತ್ತದೆ, ಪ್ರತಿ ಸುತ್ತಿಗೂ ಬಟ್ಟೆಯ ಬೇರೆ ಮೂಲೆ. ಬಟ್ಟೆ ಒಗೆಯೋವಾಗ ಮೆತ್ತಗಾಗ್ಲಿ ಅಂತ ಕಂಫರ್ಟ್ ಹಾಕ್ಬೇಡಿ, ಅದೂ ಜಿಡ್ಡೇ.

ನಿಮ್ಮ ಚುಕ್ಕೆ ವಿಷಯ, ನೀರಿನ ಕಲೆಗೆ ನೀರೇ ಮದ್ದು, ಡಿಸ್ಟಿಲ್ಡ್ ವಾಟರ್ ಎರಡು ಹನಿ ಲೆನ್ಸ್ ಪೇಪರಿಗೆ ಹಾಕಿ ಒರೆಸಿ. ಬೆರಳಚ್ಚು ಎಣ್ಣೆ, ಅದಕ್ಕೆ ಆಲ್ಕೋಹಾಲ್, ಮೊಬೈಲ್ ರಿಪೇರಿಯೋರ ಹತ್ರ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಇರುತ್ತೆ. ಯಾವುದನ್ನೂ ನೇರ ಲೆನ್ಸಿಗೆ ಸುರೀಬೇಡಿ, ಅಂಚಲ್ಲಿ ಇಳಿದು ಒಳಗೆ ಹೋದ್ರೆ ಬಿಚ್ಚಲೇಬೇಕಾಗುತ್ತೆ.

*

ನಂದು ಸ್ವಲ್ಪ ಉಲ್ಟಾ ಅಭಿಪ್ರಾಯ. ಒಂದೆರಡು ಧೂಳಿನ ಕಣಕ್ಕೆಲ್ಲ ಒರೆಸ್ಲೇಬೇಡಿ. ಕಾಫಿ ಹೂವಿನ ಸೀಸನಲ್ಲಿ ತೋಟದೊಳಗೆ ಕ್ಲೋಸಪ್ ತೆಗೀತಾ ನನ್ನ ಲೆನ್ಸ್ ಮುಖ ನೋಡೋ ಹಂಗಿರಲ್ಲ, ಫೋಟೋದಲ್ಲಿ ಒಂದೂ ಕಾಣ್ಸಲ್ಲ, ಯಾಕಂದ್ರೆ ಮುಂದಿನ ಗಾಜು ಫೋಕಸ್‌ನಿಂದ ಅಷ್ಟು ದೂರ. ಜಿಡ್ಡು ಮಾತ್ರ ಬೇರೆ ಕಥೆ, ರಾಜಾಸೀಟಲ್ಲಿ ಮುಳುಗೋ ಸೂರ್ಯನಿಗೆ ಎದುರು ಹಿಡಿದ್ರೆ ಇಡೀ ಫೋಟೋ ಮಸುಕು. ಹಿಂದಿನ ಗಾಜಿನ ಮೇಲೆ ಕಲೆ ಇದ್ರೆ ಅದೂ ಬೇಗ ಕಾಣುತ್ತೆ, ಅದನ್ನ ನೋಡ್ಕೊಳಿ. ಲೆನ್ಸ್ ಕಾಪಾಡೋಕೆ ಮುಂದೆ ಹಾಕೋ ಯುವಿ ಫಿಲ್ಟರ್ ಗಾಜಿನ ಬಗ್ಗೆ ಜಗಳ ಶುರುವಾಗೋಕೆ ಮುಂಚೆ ಹೇಳ್ಬಿಡ್ತೀನಿ, ನಾನು ಲೆನ್ಸ್ ಮುಂದೆ ಮರೆಯಾಗೋ ಹುಡ್ ಅಷ್ಟೇ ಹಾಕೋದು.

*

ಒರೆಸಿ ಹಸಿ ಹಸಿಯಾಗಿ ಬ್ಯಾಗಿಗೆ ಹಾಕ್ಬೇಡಿ ಅಷ್ಟೇ ನನ್ನ ಮಾತು. ಭಾಗಮಂಡಲದ ಹತ್ರ ನಮ್ಮನೆ, ಕಕ್ಕಡದ ಮಳೆ ತಿಂಗಳಲ್ಲಿ ಬೀರು ಒಳಗಿನ ಬೆಲ್ಟಿಗೂ ಬೂಷ್ಟು. ಲೆನ್ಸಲ್ಲಿ ಜೇಡರ ಬಲೆ ಥರ ಫಂಗಸ್ ಬಂದ್ರೆ ಹೊರಗಿಂದ ಎಷ್ಟು ಒರೆಸಿದ್ರೂ ಹೋಗಲ್ಲ, ಒಳಗಿನ ಕೋಟಿಂಗನ್ನೇ ತಿನ್ನುತ್ತೆ, ನಂದು ಒಂದು 50 ಎಂಎಂ ಹಂಗೇ ಹೋಯ್ತು. ಈಗ ಗಾಳಿಯಾಡದ ಅಕ್ಕಿ ಡಬ್ಬಿ, ಒಳಗೆ ತೇವ ಹೀರೋ ಸಿಲಿಕಾ ಜೆಲ್, ತೇವ ಅಳೆಯೋಕೆ ಚಿಕ್ಕದೊಂದು ಹೈಗ್ರೋಮೀಟರ್, ತೇವಾಂಶ ಶೇಕಡಾ 40ರಿಂದ 50ರೊಳಗೆ ಇಟ್ಕೊತೀನಿ. ಬಣ್ಣ ಬದಲಾದ್ರೆ ಜೆಲ್ಲನ್ನ ಬಾಣಲೇಲಿ ಹುರೀತೀನಿ, ಅಮ್ಮ ಬೈತಾರೆ. ಹುರಿಯೋ ಬಾಣಲೆ ಅಡುಗೆಗೆ ಬಳಸ್ಬೇಡಿ ಮತ್ತೆ.

*

ಕೇಳಿದೋನೇ ಬಂದೆ. ಬಲ್ಬಲ್ಲಿ ಊದಿದ್ದಕ್ಕೇ ಮುಕ್ಕಾಲು ಭಾಗ ಕೆಂಪು ಹೋಯ್ತು, ನಾನು ನೇರ ಉಜ್ಜಿದ್ರೆ ಏನಾಗ್ತಿತ್ತೋ! ನೀರಿನ ಚುಕ್ಕೆ ಡಿಸ್ಟಿಲ್ಡ್ ವಾಟರಿಗೆ ಎರಡನೇ ಸಲಕ್ಕೆ ಬಿಡ್ತು. ಬೆರಳಚ್ಚಿಗೆ ಕುಶಾಲನಗರದಲ್ಲಿ ರಿಪೇರಿ ಅಂಗಡಿಯೋನು ಚಿಕ್ಕ ಬಾಟಲಿಯಲ್ಲಿ ಐಪಿಎ ಕೊಟ್ಟ, ದುಡ್ಡೂ ತಗೊಳ್ಳಿಲ್ಲ. ಅಂಚಲ್ಲಿ ಒಂದು ಕಣ ಇನ್ನೂ ಇದೆ, ಬಿಟ್ಟಿದ್ದೀನಿ. ಮಗಳು ಮಾತ್ರ ಮತ್ತೆ ಕ್ಯಾಮೆರಾ ಕೇಳ್ತಿದ್ದಾಳೆ.