ಅತ್ತೆಗೆ ನದಿ ದಡದ ದೊಡ್ಡ ಬುದ್ಧನ್ನ ನೋಡ್ಬೇಕಂತೆ, ಯಾವ ದೇವಸ್ಥಾನ?

ಗಿರಿನಗರದ ಸೊಸೆ:
ಮುಂದಿನ ತಿಂಗಳು ಮನೆಯವರು, ನಾನು, ನಮ್ಮತ್ತೆ ಬ್ಯಾಂಕಾಕ್‌ಗೆ ಹೊರಟಿದೀವಿ. ಅತ್ತೆ ಬುದ್ಧಪೂರ್ಣಿಮೆಗೆ ಗಾಂಧಿನಗರದ ಮಹಾಬೋಧಿ ಸೊಸೈಟಿಗೆ ತಪ್ಪದೆ ಹೋಗೋರು. ಮಾಲು, ಸಫಾರಿ ಏನೂ ಬೇಡ, "ನದಿ ಪಕ್ಕದ ದೊಡ್ಡ ಬುದ್ಧನ್ನ ತೋರಿಸಿಬಿಡಿ, ಸಾಕು" ಅಂತ ಒಂದೇ ಹಟ. ಹುಡುಕಿದ್ರೆ ಅಲ್ಲಿ ನದಿ ಪಕ್ಕ ಬುದ್ಧಂದಿರಿಗೇನೂ ಬರ ಇಲ್ಲ! ಯಾವುದಕ್ಕೆ ಕರ್ಕೊಂಡು ಹೋಗ್ಲಿ? ಅವರಿಗೆ ಮಂಡಿನೋವು, ಮೆಟ್ಟಿಲು ಆಗಲ್ಲ. ಮೊಟ್ಟೆನೂ ಮುಟ್ಟಲ್ಲ.

ಬಿಟಿಎಂ ಬ್ಯಾಚುಲರ್:
ವಾಟ್ ಪಾಕ್‌ನಾಮ್. 69 ಮೀಟರ್ ಎತ್ತರ, ಬಯಲಲ್ಲೇ ಕೂತಿದಾನೆ, ಮೆಟ್ರೋದಲ್ಲಿ ಬಾಂಗ್ ಫೈ ಸ್ಟೇಷನ್‌ಗೆ ಇಳಿದ್ರೆ ಹತ್ತಿರ. ಫೋಟೋ ಸಖತ್ತಾಗಿ ಬರುತ್ತೆ.

ಚಿಕ್ಕಪೇಟೆ ಲೇಸ್ ಅಂಗಡಿ:
ಅದು ಕಾಲುವೆ ಪಕ್ಕ ಗುರು, ನದಿ ಅಲ್ಲ. ಮೊನ್ನೆಮೊನ್ನೆ 2021ರಲ್ಲಿ ಮುಗಿದಿದ್ದು.

ಮೇಡಂ, ನಾನು ಲೇಸು, ಗುಂಡಿ ತರೋಕೆ ಸಾಂಪೆಂಗ್ ಗಲ್ಲಿಗೆ ಹೋಗಿಬರೋನು. ಮಾಲು ಪ್ಯಾಕ್ ಆಗೋವರೆಗೂ ಕೈ ಖಾಲಿ ಇರುತ್ತಲ್ಲ, ಆಗ ರೈಲು ಹತ್ತಿ ಅಯುತ್ತಯಾಗೆ ಹೋಗ್ತೀನಿ, ವಾಟ್ ಫನನ್ ಚೊಯೆಂಗ್‌ಗೆ. ಚಾವೊ ಫ್ರಾಯ, ಪಾಸಕ್ ಎರಡೂ ನದಿ ಸೇರೋ ಜಾಗ. ಮೂರ್ತಿ 1324ರದ್ದು, ಅಂದ್ರೆ ಅಯುತ್ತಯಾ ರಾಜಧಾನಿ ಆಗೋಕೆ ಮುಂಚೆನೇ ಇವನು ಅಲ್ಲಿದ್ದ. 1767ರಲ್ಲಿ ಬರ್ಮಾದವರು ಊರು ಸುಟ್ಟಾಗ ಇವನ ಕಣ್ಣಲ್ಲಿ ನೀರು ಬಂತು ಅಂತ ಅಲ್ಲಿನೋರು ಹೇಳ್ತಾರೆ.

ನಮ್ಮ ಗೊಮ್ಮಟ ನಿಂತು 57 ಅಡಿ, ಇವನು ಕೂತೇ 19 ಮೀಟರ್, ಹತ್ತತ್ರ 62 ಅಡಿ. ಆದ್ರೆ ಗೊಮ್ಮಟನ ತಲೆ ಮೇಲೆ ಆಕಾಶ ಇದೆ, ಇವನ ಸುತ್ತ ಗೋಡೆ ಬಿಗಿಯಾಗಿ ಎದ್ದಿದೆ. ಒಳಗೆ ಕಾಲಿಟ್ಟ ತಕ್ಷಣ ಕಾಣೋದು ಚಿನ್ನದ ಮಂಡಿ ಮಾತ್ರ. ಕತ್ತೆತ್ತಿ ಎತ್ತಿ ನೋಡಿದ್ರೆ ಮೇಲೆಲ್ಲೋ ಮುಖ. ಫೋಟೋಗೆ ದಕ್ಕಲ್ಲ, ಒಳ್ಳೇದೇ ಆಯ್ತು.

ನೋಡಬೇಕಾದ್ದು ಬಟ್ಟೆ ಹೊದಿಸೋದನ್ನ. ಭಕ್ತರು ಕೇಸರಿ ಬಟ್ಟೆ ತಂದು ಕೊಡ್ತಾರೆ. ಬುದ್ಧನ ತೊಡೆ ಮೇಲೆ ನಿಂತಿರೋ ಹುಡುಗರು ಅದನ್ನ ಮೇಲಕ್ಕೆ ಎಳ್ಕೊಂಡು ಭುಜಕ್ಕೆ ಹೊದಿಸ್ತಾರೆ. ಆಮೇಲೆ ಮೇಲಿಂದ ಬಟ್ಟೆ ಬಿಡ್ತಾರೆ ನೋಡಿ, ಕೆಳಗೆ ಕೈಮುಗಿದು ಕೂತಿರೋ ಅಷ್ಟೂ ಜನರ ತಲೆ ಮೇಲೆ ಅದು ಹರಡ್ಕೊಳ್ಳುತ್ತೆ. ಮಕ್ಕಳು, ಮುದುಕರು ಎಲ್ಲ ಅದರೊಳಗೇ. ಬಟ್ಟೆ ವ್ಯಾಪಾರದಲ್ಲೇ ಬೆಳೆದೋನು ನಾನು, ಬಟ್ಟೆಗೆ ಅಂಥ ಮರ್ಯಾದೆ ಇನ್ನೆಲ್ಲೂ ನೋಡಿಲ್ಲ. ಅತ್ತೆಯವರನ್ನ ಅಲ್ಲಿ ಕೂರಿಸಿ, ಅವಸರ ಮಾಡ್ಬೇಡಿ.

ಕಾಲು ಮೂರ್ತಿ ಕಡೆ ಚಾಚ್ಬಾರದು, ಅದೊಂದು ಹೇಳಿಬಿಡಿ. ಹಿಂದುಗಡೆ ನದಿ ದಡದಲ್ಲಿ ಮೀನಿಗೆ ತಿಂಡಿ ಹಾಕ್ತಾರೆ, ಅಲ್ಲಿ ಗಾಳಿ ಚೆನ್ನಾಗಿದೆ.

ಮಲ್ಲೇಶ್ವರಂ ಮೈಲಾರಿ:
ಅಷ್ಟು ದೂರ ಯಾಕ್ರೀ? ಬ್ಯಾಂಕಾಕ್‌ನಲ್ಲೇ ವಾಟ್ ಕಲ್ಯಾಣಮಿತ್ ಇದೆ. ಪಾಕ್ ಖ್ಲೋಂಗ್ ಹೂವಿನ ಮಾರ್ಕೆಟ್ ಹತ್ರ ದೋಣಿ ಹತ್ತಿದ್ರೆ ಆಚೆ ದಡ. ದೇವಸ್ಥಾನ 1825ರದ್ದು, ಒಳಗಿನ ಬುದ್ಧ ಸುಮಾರು 15 ಮೀಟರ್. ಅಲ್ಲಿನ ರಾಜ ಮೂರನೇ ರಾಮ ಅಯುತ್ತಯಾದ ಬುದ್ಧನನ್ನೇ ಮನಸ್ಸಲ್ಲಿಟ್ಟು ಮಾಡಿಸಿದ್ದು.

ಊಟಕ್ಕೆ ಹಳದಿ ಬಾವುಟದ ಮೇಲೆ ಕೆಂಪಕ್ಷರ ಇರೋ ಅಂಗಡಿ ಹುಡುಕಿ. ಮೀನಿನ ಸಾಸು, ಮೊಟ್ಟೆ, ಬೆಳ್ಳುಳ್ಳಿ ಯಾವುದೂ ಹಾಕಲ್ಲ. ಬೇರೆ ಕಡೆ ಬರೀ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾಸು ಬಿದ್ದಿರುತ್ತೆ.

ಗಿರಿನಗರದ ಸೊಸೆ:
ಬಟ್ಟೆ ವಿಷಯ ಓದಿ ಹೇಳಿದ್ದೇ ತಡ, ಅತ್ತೆ ಅಯುತ್ತಯಾನೇ ಅಂದ್ರು. ದೋಣಿ ಭಯ ಅವರಿಗೆ. ರೈಲಿಳಿದ ಮೇಲೆ ನದಿ ದಾಟಬೇಕಾ?

ಚಿಕ್ಕಪೇಟೆ ಲೇಸ್ ಅಂಗಡಿ:
ಬೇಡ. ಹಳೇ ಊರು ನದಿಗಳ ನಡುವೆ ದ್ವೀಪದ ಥರ ಇದೆ, ಆದ್ರೆ ಸ್ಟೇಷನ್ನೂ ಈ ದೇವಸ್ಥಾನವೂ ಪಾಸಕ್‌ನ ಒಂದೇ ದಡದಲ್ಲಿವೆ. ಸ್ಟೇಷನ್ ಎದುರೇ ಟುಕ್‌ಟುಕ್ ಸಿಗುತ್ತೆ, ಹತ್ತೋ ಮುಂಚೆ ರೇಟು ಮಾತಾಡಿ. ದಾರಿಲಿ ವಾಟ್ ಯಾಯ್ ಚಾಯ್ ಮೊಂಗ್‌ಖೋನ್‌ಗೂ ಹೋಗೋಣ ಅಂತಾನೆ. ಅಲ್ಲಿ ಸ್ತೂಪದ ಮೆಟ್ಟಿಲು ಕಡಿದು, ಅತ್ತೆಯವರು ಕೆಳಗಿಂದಲೇ ಕೈಮುಗೀಲಿ. ಚೀನೀಯರ ಹೊಸವರ್ಷದ ಸಮಯ ಮಾತ್ರ ತಪ್ಪಿಸಿ, ಕಾಲಿಡೋಕೂ ಜಾಗ ಇರಲ್ಲ.