ಹೀನಿ ಆದಮೇಲೆ ಯಾರು? ಐರ್ಲೆಂಡ್, ಬ್ರಿಟನ್ನಿನ ಹೊಸ ಕವನ ಸಂಕಲನಗಳು

ಪ್ರಶ್ನೆ:
ಐರಿಷ್ ಕವಿ ಹೀನಿ, ಇಂಗ್ಲಿಷ್ ಕವಿ ಲಾರ್ಕಿನ್ ತನಕ ಓದಿಯಾಗಿದೆ. ಅವರಿಂದೀಚಿನ ಐರಿಷ್, ಬ್ರಿಟಿಷ್ ಕವಿತೆಗಳನ್ನು ಅಂತರ್ಜಾಲದಲ್ಲಿ ಬಿಡಿಬಿಡಿಯಾಗಿ ಓದಿದರೆ ತಲೆಬುಡ ತಿಳಿಯುವುದಿಲ್ಲ. ಯಾವ ಸಂಕಲನದಿಂದ ಶುರು ಮಾಡಲಿ? ಕವನ ಸಂಕಲನಗಳಿಗೆ ಕೊಡುವ ಟಿ. ಎಸ್. ಎಲಿಯಟ್ ಪ್ರಶಸ್ತಿಯ ಪಟ್ಟಿ ಹಿಡಿದು ಹೊರಟರೆ ಆದೀತೆ?

ಉತ್ತರ 1:
ಬಿಡಿಯಾಗಿ ಓದುವುದೇ ತೊಡಕು. ಈಗಿನ ಎಷ್ಟೋ ಸಂಕಲನಗಳನ್ನು ಇಡೀ ಪುಸ್ತಕವಾಗಿಯೇ ಕಟ್ಟಿರುತ್ತಾರೆ. ಉತ್ತರ ಐರ್ಲೆಂಡಿನ ಸ್ಟೀಫನ್ ಸೆಕ್ಸ್ಟನ್ ಅವರ ‘ಇಫ್ ಆಲ್ ದ ವರ್ಲ್ಡ್ ಅಂಡ್ ಲವ್ ವರ್ ಯಂಗ್’ (2019) ತೆಗೆದುಕೊಳ್ಳಿ. ಕವಿತೆಗಳಿಗೆ ‘ಸೂಪರ್ ಮಾರಿಯೋ ವರ್ಲ್ಡ್’ ಎಂಬ ವಿಡಿಯೊ ಆಟದ ಹಂತಗಳ ಹೆಸರು. ಆಟವಾಡುವ ಹುಡುಗ, ಸಾವಿನತ್ತ ಸಾಗುವ ತಾಯಿ, ಎರಡೂ ಒಂದರೊಳಗೊಂದು ಹೆಣೆದುಕೊಂಡಿವೆ. ಒಂದು ಕವಿತೆ ಕಿತ್ತು ಓದಿದರೆ ಬರೀ ಆಟವಷ್ಟೇ ಕಾಣುತ್ತದೆ.

ಸಾಲಿಗೆ 16 ಸಿಲಬಲ್, ಅಂದರೆ ಒಂದೇ ಉಸಿರಿಗೆ ನುಡಿಯುವ ಉಚ್ಚಾರದ ತುಣುಕು. ಆ ಆಟ ನಡೆಯುತ್ತಿದ್ದ 16-ಬಿಟ್ ಯಂತ್ರಕ್ಕೆ ಹೊಂದಿಸಿದ ಲೆಕ್ಕ ಅದು. ಶೀರ್ಷಿಕೆ ವಾಲ್ಟರ್ ರಾಲಿಯ ಹಳೆಯ ಕವಿತೆಯ ಮೊದಲ ಸಾಲು. ಅದನ್ನೇ ಎಣಿಸಿ ನೋಡಿ: 8, ಅಂದರೆ ಸರಿಯಾಗಿ ಅರ್ಧ. ನಮ್ಮ ನಾಲಿಗೆ ‘ವರ್ಲ್ಡು’ ಎಂದು ಎರಡು ಮಾಡಿಬಿಡುತ್ತದೆ, ಅಲ್ಲಿ ಅದು ಒಂದೇ. ಇಲ್ಲೇ ಲೆಕ್ಕ ತಪ್ಪುವುದು.

ಇಷ್ಟುದ್ದದ ಸಾಲು ಫೋನಿನಲ್ಲಿ ತುಂಡಾಗುತ್ತದೆ. ಮುರಿದದ್ದು ಕವಿಯೋ ಪರದೆಯೋ ಗೊತ್ತಾಗದು. ಫೋನನ್ನು ಅಡ್ಡ ಹಿಡಿದು ಅಕ್ಷರ ಚಿಕ್ಕದು ಮಾಡಿಕೊಳ್ಳಿ. ಅಚ್ಚಾದ ಪ್ರತಿ ಸಿಕ್ಕರಂತೂ ಅದೇ ಮೇಲು.

ಉತ್ತರ 2:
ಎಲಿಯಟ್ ಪಟ್ಟಿ ಹಿಡಿಯುವ ಮುನ್ನ ಒಂದು ಮಾತು. ಪುಸ್ತಕ ಬ್ರಿಟನ್ ಅಥವಾ ಐರ್ಲೆಂಡಿನಲ್ಲಿ ಪ್ರಕಟವಾಗಿದ್ದರೆ ಸಾಕು, ಕವಿ ಯಾವ ದೇಶದವರಾದರೂ ನಡೆಯುತ್ತದೆ. 2024ರ ಪ್ರಶಸ್ತಿ ಅಮೆರಿಕದ ಪೀಟರ್ ಗಿಝಿಗೆ ಹೋಯಿತು. ಗೆದ್ದದ್ದೊಂದನ್ನೇ ನೋಡದೆ ಕೊನೆಯ ಸುತ್ತಿನ 10 ಪುಸ್ತಕಗಳನ್ನೂ ನೋಡಿ. ಹೊಸಬರು ಬೇಕಿದ್ದರೆ ಕವಿತೆಗೇ ಮೀಸಲಾದ ಫಾರ್ವರ್ಡ್ ಪ್ರಶಸ್ತಿಯ ‘ಚೊಚ್ಚಲ ಸಂಕಲನ’ ವಿಭಾಗವೇ ವಾಸಿ. ಸೆಕ್ಸ್ಟನ್ ಅವರಿಗೂ 2019ರಲ್ಲಿ ಬಂದದ್ದು ಅದೇ. ಐರಿಷ್ ಕವಿಗಳಿಗಾಗಿ ಅಲ್ಲಿನ ಪ್ರಕಾಶನ ಸಂಸ್ಥೆ ಗ್ಯಾಲರಿ ಪ್ರೆಸ್‌ನ ಪಟ್ಟಿಯನ್ನು ತಪ್ಪದೆ ನೋಡಿ.

ಉತ್ತರ 3:
ಮೊದಲ ಪುಸ್ತಕವಾಗಿ ಸೆಕ್ಸ್ಟನ್ ಬೇಡ ಅನ್ನುತ್ತೇನೆ. ಆ ಆಟ ಗೊತ್ತಿಲ್ಲದವರಿಗೆ ಅರ್ಧ ಸುಖ ತಪ್ಪಿಹೋಗುತ್ತದೆ. ಐರ್ಲೆಂಡಿನ ವಿಕ್ಟೋರಿಯಾ ಕೆನೆಫಿಕ್ ಅವರ ‘ಈಟ್ ಆರ್ ವಿ ಬೋತ್ ಸ್ಟಾರ್ವ್’ (ಕಾರ್ಕನೆಟ್ ಪ್ರಕಾಶನ, 2021) ಹಿಡಿಯಿರಿ. ಹಸಿವೇ ಅದರ ಬೆನ್ನೆಲುಬು. ‘ಹಂಗರ್ ಸ್ಟ್ರೈಕ್ಸ್’ ಎಂದು ಶುರುವಾಗುವ ಶೀರ್ಷಿಕೆಗಳು ಪುಸ್ತಕದ ಉದ್ದಕ್ಕೂ ಚದುರಿವೆ; ಉಪವಾಸದಿಂದ ದೇಹ ದಂಡಿಸಿಕೊಂಡ ಸಂತ ಸ್ತ್ರೀಯರ ಕವಿತೆಗಳವು. ಪರಿವಿಡಿ ನೋಡಿ ಅವನ್ನು ಮೊದಲು ಓದಿ, ಆಮೇಲೆ ಮೊದಲ ಪುಟದಿಂದ ಹೊರಡಿ. ಸಿಯೆನಾದ ಕ್ಯಾಥರೀನ್ (1347–1380) ಯಾರು, 1845ರಲ್ಲಿ ಆಲೂಗಡ್ಡೆ ಬೆಳೆಗೆ ರೋಗ ತಗುಲಿ ಐರ್ಲೆಂಡಿನಲ್ಲಿ ಏನಾಯಿತು, ಇವೆರಡು ತಿಳಿದಿದ್ದರೆ ಸಾಕು. ಆ ಸರಣಿಯ ಒಂದು ಶೀರ್ಷಿಕೆಯಲ್ಲಿ ಕವಯಿತ್ರಿ ತಮ್ಮ ಹೆಸರನ್ನೇ ಇಟ್ಟಿದ್ದಾರೆ. ಅದನ್ನು ಕೊನೆಗೆ ಓದಿ.